ಬೆಳೆಯ ಮೈಯಲ್ಲಿರುವ ಮೂಲವಸ್ತುಗಳೂ ನಮ್ಮ ಸುಣ್ಣದ ಎರೆಭೂಮಿಯೂ



ಫೆಬ್ರವರಿ ಮುಗಿಯುವ ಹೊತ್ತಿಗೆ ವಿಜಯಪುರದಿಂದ ತಿಕೋಟಾ ಕಡೆಗೆ ಹೊರಟರೆ ಅಲ್ಲಲ್ಲಿ ಒಣದ್ರಾಕ್ಷಿಯ ಶೆಡ್ಡುಗಳು ಕಾಣುತ್ತವೆ. ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ದ್ರಾಕ್ಷಿಯನ್ನು ಹರವಿ ನೆರಳಿನಲ್ಲಿ ಒಣಗಿಸುತ್ತಾರೆ. ಎರಡು ಮೂರು ವಾರ ಕಳೆಯುವುದರೊಳಗೆ ನಾಲ್ಕು ಕಿಲೋ ಹಸಿ ದ್ರಾಕ್ಷಿ ಸುಮಾರು ಒಂದು ಕಿಲೋ ಒಣದ್ರಾಕ್ಷಿಯಾಗುತ್ತದೆ. ಉಳಿದ ಮೂರು ಕಿಲೋ ನೀರು, ಗಾಳಿಗೆ ಹೋಯಿತು. ಇಷ್ಟು ನಿಮಗೆಲ್ಲ ಗೊತ್ತಿರುವುದೇ.

ಈಗ ಆ ಒಂದು ಕಿಲೋ ಒಣದ್ರಾಕ್ಷಿಯನ್ನು ಪ್ರಯೋಗಾಲಯದ ಕುಲುಮೆಯಲ್ಲಿಟ್ಟು ಪೂರ್ತಿ ಸುಟ್ಟುಬಿಟ್ಟೆವೆಂದು ಭಾವಿಸಿರಿ. (ಇವತ್ತಿನ ಬೆಲೆಯಲ್ಲಿ ಯಾರೂ ಮನೆಯಲ್ಲಿ ಮಾಡಿ ನೋಡುವುದು ಬೇಡ.) ಕೊನೆಗೆ ಉಳಿಯುವುದು ಸುಮಾರು 20 ಗ್ರಾಂ ಬೂದಿ, ಒಂದು ಹಿಡಿಯೂ ಅಲ್ಲ. ಉಳಿದ 980 ಗ್ರಾಂ ಮತ್ತೆ ಗಾಳಿಗೇ ಹೋಯಿತು. ಅದರಲ್ಲಿದ್ದ ಇಂಗಾಲ ಇಂಗಾಲಾಮ್ಲ ಅನಿಲವಾಗಿ, ಜಲಜನಕ ನೀರಿನ ಆವಿಯಾಗಿ, ಅಲ್ಪ ಸ್ವಲ್ಪ ಇದ್ದ ಸಾರಜನಕ ಅನಿಲವಾಗಿ ಹಾರಿಹೋದವು. ಅಂದರೆ ನಾವು ಮಾರುವ ಸಿಹಿಯೆಲ್ಲ ಬಳ್ಳಿಯು ಗಾಳಿ ಮತ್ತು ನೀರಿನಿಂದ ಕಟ್ಟಿಕೊಂಡದ್ದು. ಭೂಮಿಯಿಂದ ತೆಗೆದುಕೊಂಡದ್ದು ಆ ಬೂದಿ, ಜೊತೆಗೆ ಹಾರಿಹೋದ ಸಾರಜನಕ, ಇಷ್ಟೇ. ಬೂದಿಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವುದು ಪೊಟ್ಯಾಸಿಯಂ. ಒಣಗಿಸುವ ಮುನ್ನ ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೋನೇಟ್ ದ್ರಾವಣದಲ್ಲಿ ಅದ್ದುವುದರಿಂದ ಸ್ವಲ್ಪ ಭಾಗ ಅಲ್ಲಿಂದಲೂ ಬಂದಿರುತ್ತದೆ. ಪೊಟ್ಯಾಶ್ ಎಂಬ ಹೆಸರಿಗೂ ಗಡಿಗೆಯ ಬೂದಿ ಎಂದೇ ಅರ್ಥ. ಹಿಂದೆ ಯುರೋಪಿನವರು ಕಟ್ಟಿಗೆಯ ಬೂದಿಯನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಗಡಿಗೆಯಲ್ಲಿ ಕಾಯಿಸಿ ಅದನ್ನು ತೆಗೆಯುತ್ತಿದ್ದರು.

ಇದೇ ಮಾತನ್ನು ಸುಮಾರು ನಾನೂರು ವರ್ಷಗಳ ಹಿಂದೆ ವ್ಯಾನ್ ಹೆಲ್ಮಾಂಟ್ ಎಂಬ ವಿದ್ವಾಂಸನು ಒಂದು ಗಿಡದಿಂದ ಪರೀಕ್ಷಿಸಿದ್ದನು. ಇನ್ನೂರು ಪೌಂಡು ಒಣ ಮಣ್ಣನ್ನು ಕುಂಡದಲ್ಲಿ ತುಂಬಿ, ಐದು ಪೌಂಡಿನ ಒಂದು ಸಸಿಯನ್ನು ನೆಟ್ಟು, ಐದು ವರ್ಷ ಬರೀ ನೀರು ಹಾಕಿದನು. ಗಿಡ 169 ಪೌಂಡು ಆಯಿತು. ಮಣ್ಣಿನಲ್ಲಿ ಕಡಿಮೆಯಾದದ್ದು ಎರಡೇ ಔನ್ಸು. ಅವನ ಮರಣಾನಂತರ 1648ರಲ್ಲಿ ಇದು ಪ್ರಕಟವಾಯಿತು. ಗಿಡವೆಲ್ಲ ನೀರಿನಿಂದಲೇ ಆಯಿತೆಂದು ಅವನು ತೀರ್ಮಾನಿಸಿದನು. ಗಾಳಿಯ ಪಾತ್ರ ಅವನಿಗೆ ಹೊಳೆಯಲಿಲ್ಲ. ಆ ಎರಡು ಔನ್ಸನ್ನಂತೂ ಲೆಕ್ಕಕ್ಕೆ ಹಿಡಿಯದೆ ಬಿಟ್ಟುಬಿಟ್ಟನು. ರೈತನು ಗೊಬ್ಬರಕ್ಕೆ ಹಣ ಹಾಕುವುದು ಆ ಎರಡು ಔನ್ಸಿಗಾಗಿಯೇ. ಆದ್ದರಿಂದ ಈ ಲೇಖನವೂ ಅದರ ಬಗ್ಗೆಯೇ.

ಹದಿನೇಳು ಮೂಲವಸ್ತುಗಳು

ಒಂದು ವಸ್ತುವನ್ನು ಎಷ್ಟು ಒಡೆದರೂ ಅದರಿಂದ ಬೇರೆ ವಸ್ತು ಬರದಿದ್ದರೆ ಅದಕ್ಕೆ ಮೂಲವಸ್ತು ಎನ್ನುತ್ತೇವೆ. ಕಬ್ಬಿಣ ಮೂಲವಸ್ತು, ಸುಣ್ಣ ಅಲ್ಲ. ಸುಣ್ಣದಲ್ಲಿ ಕ್ಯಾಲ್ಸಿಯಂ ಇದೆ, ಆಮ್ಲಜನಕ ಇದೆ. ನಿಸರ್ಗದಲ್ಲಿ ತೊಂಬತ್ತಕ್ಕೂ ಮಿಕ್ಕಿ ಮೂಲವಸ್ತುಗಳಿದ್ದರೂ ಬೆಳೆಗೆ ಬೇಕೇ ಬೇಕಾದವು ಹದಿನೇಳು. ಬೇಕೇ ಬೇಕು ಎಂದು ಹೇಳುವುದಕ್ಕೆ ಆರ್ನನ್ ಮತ್ತು ಸ್ಟೌಟ್ ಎಂಬ ವಿಜ್ಞಾನಿಗಳು 1939ರಲ್ಲಿ ಒಂದು ಒರೆಗಲ್ಲು ಹಾಕಿಕೊಟ್ಟರು. ಆ ವಸ್ತು ಇಲ್ಲದೆ ಗಿಡವು ತನ್ನ ಬಾಳನ್ನು ಪೂರ್ತಿಗೊಳಿಸಬಾರದು, ಅದರ ಜಾಗವನ್ನು ಇನ್ನೊಂದು ತುಂಬಬಾರದು, ಅದು ಗಿಡದ ಒಳಗಿನ ಕೆಲಸದಲ್ಲಿ ನೇರವಾಗಿ ಪಾಲುಗೊಂಡಿರಬೇಕು. ಈ ಪಟ್ಟಿಗೆ ಕೊನೆಯದಾಗಿ ಸೇರಿದ್ದು ನಿಕ್ಕಲ್, ಅದೂ 1987ರಲ್ಲಿ.

ನಮ್ಮ ಹಿಂಗಾರಿ ಜೋಳವನ್ನೇ ತೆಗೆದುಕೊಳ್ಳಿರಿ. ಚೆನ್ನಾಗಿ ಒಣಗಿದ ದಂಟು, ಎಲೆ, ತೆನೆ ಎಲ್ಲ ಸೇರಿ ನೂರು ಕಿಲೋ ಇದ್ದರೆ ಅದರಲ್ಲಿ ಇಂಗಾಲ ಸುಮಾರು 45 ಕಿಲೋ, ಆಮ್ಲಜನಕ 45 ಕಿಲೋ, ಜಲಜನಕ 6 ಕಿಲೋ. ಅಲ್ಲಿಗೆ 96 ಕಿಲೋ ಮುಗಿಯಿತು. ಉಳಿದ ನಾಲ್ಕು ಕಿಲೋದಲ್ಲಿ ಬಾಕಿ ಹದಿನಾಲ್ಕೂ ಅಡಗಿವೆ. ಸಾರಜನಕ ಒಂದೂವರೆ ಕಿಲೋ, ಪೊಟ್ಯಾಸಿಯಂ ಒಂದು ಕಿಲೋ, ಕ್ಯಾಲ್ಸಿಯಂ ಅರ್ಧ ಕಿಲೋ, ಮೆಗ್ನೀಷಿಯಂ ಮತ್ತು ರಂಜಕ ತಲಾ ಇನ್ನೂರು ಗ್ರಾಂ, ಗಂಧಕ ನೂರು ಗ್ರಾಂ ಇರಬಹುದು. ಇನ್ನುಳಿದ ಕಬ್ಬಿಣ, ಮ್ಯಾಂಗನೀಸ್, ಸತು, ತಾಮ್ರ, ಬೋರಾನ್, ಮಾಲಿಬ್ಡಿನಂ, ಕ್ಲೋರಿನ್, ನಿಕ್ಕಲ್ ಈ ಎಂಟೂ ಸೇರಿ ಮೂವತ್ತು ಗ್ರಾಂ ಆಸುಪಾಸು. ಕಬ್ಬಿಣ ಹತ್ತು ಗ್ರಾಂ, ಸತು ಎರಡು ಗ್ರಾಂ. ಮಾಲಿಬ್ಡಿನಂ ಒಂದು ಗ್ರಾಮಿನ ನೂರನೆಯ ಒಂದು ಪಾಲು. ಜೋಳದ ಎಲೆಯ ಅಂಚು ಕೈ ಕೊಯ್ಯುವುದು ಅದರಲ್ಲಿರುವ ಮರಳಿನ ಅಂಶದಿಂದ. ಸಿಲಿಕಾನ್ ಎನ್ನುವ ಅದು ಜೋಳದ ಬೂದಿಯಲ್ಲಿ ಸಾಕಷ್ಟಿದ್ದರೂ ಹದಿನೇಳರ ಪಟ್ಟಿಯಲ್ಲಿಲ್ಲ.

ಪ್ರಮಾಣ ಕಡಿಮೆಯೆಂದು ಬೆಲೆ ಕಡಿಮೆಯಲ್ಲ. ಚಕ್ಕಡಿಯ ತೂಕದಲ್ಲಿ ಕಡಾಣಿಯ ತೂಕ ಎಷ್ಟು? ಅದು ಕಳಚಿದರೆ ಗಾಲಿ ಉಳಿಯುವುದಿಲ್ಲ. ಸಾರಜನಕ ಮತ್ತು ಗಂಧಕಗಳು ಸಸಾರಜನಕದಲ್ಲಿ ಸೇರಿವೆ. ರಂಜಕವು ಬೀಜದ ವಂಶವಸ್ತುವಿನಲ್ಲಿಯೂ, ಶಕ್ತಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಕೆಲಸದಲ್ಲಿಯೂ ಇದೆ. ಪೊಟ್ಯಾಸಿಯಂ ಮಾತ್ರ ವಿಚಿತ್ರ. ಅದು ಗಿಡದ ಯಾವ ಅಂಗದಲ್ಲಿಯೂ ಇಟ್ಟಿಗೆಯಂತೆ ಕಟ್ಟಿಕೊಳ್ಳುವುದಿಲ್ಲ. ರಸದಲ್ಲಿ ಕರಗಿಯೇ ಓಡಾಡುತ್ತಾ ಎಲೆಯ ಸಣ್ಣ ಬಾಯಿಗಳನ್ನು ತೆರೆಯುವ, ಮುಚ್ಚುವ ಕೆಲಸ ಮಾಡುತ್ತದೆ. ಮಳೆ ಕೈಕೊಟ್ಟ ವರ್ಷ ಗಿಡವು ತನ್ನ ನೀರನ್ನು ಹಿಡಿದಿಟ್ಟುಕೊಳ್ಳುವುದಕ್ಕೆ ಈ ಬಾಗಿಲು ಕಾಯುವವನು ಎಷ್ಟು ಮುಖ್ಯವೆಂಬುದನ್ನು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬೆಳೆ, ದನ, ಮನುಷ್ಯ

ಎಪ್ಪತ್ತು ಕಿಲೋ ತೂಗುವ ಮನುಷ್ಯನ ಮೈಯಲ್ಲಿ ಆಮ್ಲಜನಕ ಸುಮಾರು 43 ಕಿಲೋ, ಇಂಗಾಲ 16 ಕಿಲೋ, ಜಲಜನಕ 7 ಕಿಲೋ, ಸಾರಜನಕ ಎರಡು ಕಿಲೋದ ಹತ್ತಿರ, ಕ್ಯಾಲ್ಸಿಯಂ ಒಂದು ಕಿಲೋ, ರಂಜಕ ಮುಕ್ಕಾಲು ಕಿಲೋಕ್ಕೆ ಸ್ವಲ್ಪ ಕಡಿಮೆ. ಕಬ್ಬಿಣ ನಾಲ್ಕು ಗ್ರಾಂ, ಒಂದೆರಡು ಮೊಳೆಗಾಗುವಷ್ಟು. ಸತು ಎರಡು ಗ್ರಾಂ. ವಸ್ತುಗಳು ಅವೇ, ಪ್ರಮಾಣ ಬೇರೆ. ಗೋಲಗುಂಬಜದ ಗಾರೆಯಲ್ಲಿ, ನಿಮ್ಮ ಹೊಲದ ಸುಣ್ಣದ ಹರಳಿನಲ್ಲಿ, ನಿಮ್ಮ ಎತ್ತಿನ ಎಲುಬಿನಲ್ಲಿ ಇರುವುದು ಒಂದೇ ಕ್ಯಾಲ್ಸಿಯಂ.

ಇನ್ನೂ ಆಶ್ಚರ್ಯದ ಸಂಗತಿಯೊಂದಿದೆ. ಎಲೆಯ ಪತ್ರಹರಿತ್ತಿನ ನಡುವೆ ಒಂದು ಮೆಗ್ನೀಷಿಯಂ ಅಣು ಕುಳಿತಿರುತ್ತದೆ, ಅದರ ಸುತ್ತ ಒಂದು ಉಂಗುರ. ನಮ್ಮ ರಕ್ತಕ್ಕೆ ಕೆಂಪು ಕೊಡುವ ವಸ್ತುವಿನಲ್ಲಿಯೂ ಬಹುಮಟ್ಟಿಗೆ ಅಂಥದೇ ಉಂಗುರ. ನಡುವೆ ಮಾತ್ರ ಮೆಗ್ನೀಷಿಯಂ ಬದಲು ಕಬ್ಬಿಣ. ತೊಗರಿಯ ಅಥವಾ ಕಡಲೆಯ ಬೇರನ್ನು ಅಗೆದು, ಬೇರುಗಂಟನ್ನು ಉಗುರಿನಿಂದ ಸೀಳಿ ನೋಡಿರಿ. ಒಳಗೆ ನಸುಗೆಂಪು ಇದ್ದರೆ ಗಾಳಿಯ ಸಾರಜನಕವನ್ನು ಹಿಡಿಯುವ ಕೆಲಸ ನಡೆದಿದೆ ಎಂದು ತಿಳಿಯಬೇಕು. ಆ ಕೆಂಪು ಕೂಡ ರಕ್ತದ ಕೆಂಪಿನ ಜಾತಿಯದೇ, ಕಬ್ಬಿಣದ್ದು. ಗಂಟಿನೊಳಗಿನ ಜೀವಾಣುವಿಗೆ ಇದರ ಜೊತೆಗೆ ಮಾಲಿಬ್ಡಿನಂ ಬೇಕು, ಚೂರು ಕೋಬಾಲ್ಟ್ ಕೂಡ ಬೇಕು.

ವ್ಯತ್ಯಾಸಗಳೂ ಇವೆ. ನಮ್ಮ ಬಹುತೇಕ ಬೆಳೆಗಳಿಗೆ ಸೋಡಿಯಂ ಬೇಕಿಲ್ಲ. ಎತ್ತಿಗೆ, ಆಕಳಿಗೆ, ನಮಗೆ ಬೇಕು. ಹಿರಿಯರು ದನಗಳಿಗೆ ಉಪ್ಪು ನೆಕ್ಕಿಸುತ್ತಿದ್ದುದು ಸುಮ್ಮನೆ ಅಲ್ಲ. ಅಯೋಡಿನ್ ಬೆಳೆಗೆ ಬೇಡ, ಮನುಷ್ಯನಿಗೆ ಬೇಕು. ಬೋರಾನ್ ಇಲ್ಲದೆ ದ್ರಾಕ್ಷಿ ಕಾಯಿ ಕಟ್ಟುವುದಿಲ್ಲ, ದನಕ್ಕೆ ಅದರ ಕೊರತೆಯೆಂದು ನಾವು ಯಾರೂ ಔಷಧ ಕೊಡುವುದಿಲ್ಲ. ದನಗಳು ಬಟ್ಟೆ, ಎಲುಬು ಕಡಿಯತೊಡಗಿದರೆ ಮಾತ್ರ ರಂಜಕದ ಕೊರತೆಯಿರಬಹುದೆಂದು ಪಶುವೈದ್ಯರನ್ನು ಕೇಳಿರಿ.

ಮೂವತ್ತಾರು ಟನ್ ಕಬ್ಬಿಣದ ಮೇಲೆ ಹಸಿದ ಬಳ್ಳಿ

ಇನ್ನು ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು ಒಂಬತ್ತು ಲಕ್ಷ ಕಿಲೋ ತೂಗುತ್ತದೆ. ಅದರಲ್ಲಿ ಕಬ್ಬಿಣ ಶೇಕಡಾ ನಾಲ್ಕು ಎಂದು ಹಿಡಿದರೂ ಮೂವತ್ತಾರು ಸಾವಿರ ಕಿಲೋ ಆಯಿತು. ಬಳ್ಳಿಗೆ ವರ್ಷಕ್ಕೆ ಬೇಕಾದದ್ದು ಕೆಲವೇ ನೂರು ಗ್ರಾಂ. ಆದರೂ ಬಬಲೇಶ್ವರ, ತಿಕೋಟಾ ಭಾಗದ ಎಷ್ಟೋ ಪಡಗಳಲ್ಲಿ ಕಬ್ಬಿಣ ಸಿಗದೆ ಬಳ್ಳಿಗಳು ಹಳದಿಯಾಗಿ ನಿಂತಿರುತ್ತವೆ.

ಕಾರಣ ಸುಣ್ಣ. ನಿಮ್ಮ ಹೊಲದ ಒಂದು ಹಿಡಿ ಮಣ್ಣನ್ನು ತಟ್ಟೆಯಲ್ಲಿ ಹಾಕಿ ಅರ್ಧ ಲಿಂಬೆಹಣ್ಣು ಹಿಂಡಿರಿ. ಬುರುಬುರು ನೊರೆ ಎದ್ದರೆ ಸುಣ್ಣ ಇದೆ ಎಂದರ್ಥ. ಇಂಥ ಮಣ್ಣಿನ ರಸಸಾರ ಸಾಮಾನ್ಯವಾಗಿ ಎಂಟು ದಾಟಿರುತ್ತದೆ. ರಸಸಾರ ಒಂದು ಅಂಕ ಏರಿದರೆ ನೀರಿನಲ್ಲಿ ಕರಗುವ ಕಬ್ಬಿಣ ಸಾವಿರ ಪಟ್ಟು ಇಳಿಯುತ್ತದೆ. ಬೇರು ತುಕ್ಕನ್ನು ತಿನ್ನಲಾರದು, ಕರಗಿದ್ದನ್ನು ಮಾತ್ರ ಕುಡಿಯಬಲ್ಲದು. ಇದಕ್ಕೆ ಗಿಡಗಳು ತಮ್ಮದೇ ಉಪಾಯ ಹೂಡಿವೆ. ದ್ರಾಕ್ಷಿ, ತೊಗರಿ, ಕಡಲೆಗಳು ಬೇರಿನ ಬಳಿ ಹುಳಿ ಸುರಿಸಿ ಕಬ್ಬಿಣವನ್ನು ಕರಗಿಸಲು ನೋಡುತ್ತವೆ. ಗೋದಿಯಂಥ ಹುಲ್ಲಿನ ಜಾತಿಯವು ಕಬ್ಬಿಣವನ್ನು ಅಪ್ಪಿ ಹಿಡಿದು ತರುವ ಒಂದು ರಸವನ್ನು ಮಣ್ಣಿಗೆ ಬಿಡುತ್ತವೆ. ಜೋಳವೂ ಹುಲ್ಲಿನ ಜಾತಿಯದೇ ಆದರೂ ಈ ರಸ ಬಿಡುವುದರಲ್ಲಿ ಜಿಪುಣ. ಸುಣ್ಣದ ಹೊಲದಲ್ಲಿ ಎಳೆಯ ಜೋಳದ ಎಲೆಯಲ್ಲಿ ಹಳದಿ ಗೆರೆ ಕಾಣುವುದು ಅದಕ್ಕೇ. ದ್ರಾಕ್ಷಿ ಸುರಿಸಿದ ಹುಳಿಯನ್ನಂತೂ ಸುಣ್ಣವು ಅಲ್ಲಿಯೇ ಕೊಂದುಹಾಕುತ್ತದೆ.

ನೀರು ಹೆಚ್ಚಾದರೆ ಇದು ಇನ್ನೂ ಕೆಡುತ್ತದೆ. ಮಣ್ಣಿನಲ್ಲಿ ಗಾಳಿ ಆಡದೆ ಬೇರಿನ ಉಸಿರಿನ ಇಂಗಾಲಾಮ್ಲ ಅಲ್ಲಿಯೇ ನಿಂತು, ಸುಣ್ಣದ ಜೊತೆ ಕೂಡಿ ಬೈಕಾರ್ಬೋನೇಟ್ ಆಗುತ್ತದೆ. ಅದು ಕಬ್ಬಿಣದ ದಾರಿಯನ್ನು ಮತ್ತಷ್ಟು ಕಟ್ಟುತ್ತದೆ. ಕೊಳವೆಬಾವಿಯ ನೀರಿನಲ್ಲಿಯೇ ಬೈಕಾರ್ಬೋನೇಟ್ ಇದ್ದರೆ ಕೇಳುವುದೇ ಬೇಡ. ಬರಗಾಲದಲ್ಲಿ ಟ್ಯಾಂಕರಿನಿಂದ ನೀರು ತಂದು ಬಳ್ಳಿ ಉಳಿಸಿಕೊಂಡವರಿಗೆ ನೀರು ಕಡಿಮೆ ಕೊಡಿರಿ ಎಂದು ಹೇಳಲು ನಾಲಗೆ ಏಳುವುದಿಲ್ಲ. ಆದರೆ ತುಬಚಿ-ಬಬಲೇಶ್ವರ ಏತ ನೀರಾವರಿಯಂಥ ಯೋಜನೆಗಳ ನೀರು ಬಂದಿರುವ ಕಡೆ, ಆಳವಾದ ಎರೆಭೂಮಿಯಲ್ಲಿ ಬಸಿಗಾಲುವೆ ಇಲ್ಲದೆ ಧಾರಾಳವಾಗಿ ಹಾಯಿಸುವವರಿಗೆ ಈಗಲೇ ಹೇಳಬೇಕಾಗಿದೆ: ಹಳದಿ ಮೊದಲು ಬರುತ್ತದೆ, ಸವುಳು ಆಮೇಲೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಡಾಕ್ಟರೇಟ್ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ ದಿನಗಳು. ಬಬಲೇಶ್ವರದ ಹತ್ತಿರದ ಒಬ್ಬ ರೈತರು ತಮ್ಮ ಪಡ ನೋಡಲು ಕರೆದರು. ತುದಿಯ ಎಳೆ ಎಲೆಗಳೆಲ್ಲ ಹಳದಿ, ನರಗಳು ಮಾತ್ರ ಹಸಿರು. ಯಾರೋ ಹೇಳಿದರೆಂದು ಅವರು ಆಗಲೇ ಎರಡು ಚೀಲ ಯೂರಿಯಾ ಹಾಕಿ, ಬಳ್ಳಿ ಮತ್ತಷ್ಟು ಬಿಳಿಚಿಕೊಂಡಿತ್ತು. ಇದು ಕಬ್ಬಿಣದ ಕೊರತೆ ಎಂದು ಗುರುತು ಹಿಡಿದೆ, ಅದು ಸರಿಯೇ ಇತ್ತು. ಆದರೆ ಪುಸ್ತಕದ ಲೆಕ್ಕ ಹಾಕಿ ಅನ್ನಭೇದಿಯನ್ನು, ಅಂದರೆ ಕಬ್ಬಿಣದ ಸಲ್ಫೇಟನ್ನು, ನೇರವಾಗಿ ಭೂಮಿಗೆ ಹಾಕಿಸಿದೆ. ಒಂದು ತಿಂಗಳಾದ ಮೇಲೆ ಹೋದರೆ ಅವರು ಬೈಯಲಿಲ್ಲ. “ಸಾಹೇಬರ, ನೀವು ಹಾಕಿಸಿದ್ದು ಭೂಮಿನ ತಿಂದು ಕುಂತೈತಿ, ಬಳ್ಳಿಗೆ ಏನೂ ಮುಟ್ಟಿಲ್ಲ” ಎಂದರು. ಅಷ್ಟೇ ಮಾತು. ನಾನು ಹಾಕಿಸಿದ ಕಬ್ಬಿಣವೂ ಕೆಲವೇ ದಿನಗಳಲ್ಲಿ ಮೊದಲಿನ ಮೂವತ್ತಾರು ಟನ್ನಿನ ಜೊತೆ ತುಕ್ಕಾಗಿ ಕುಳಿತಿತ್ತು.

ಆಮೇಲೆ ಎಲೆಗೆ ಸಿಂಪಡಿಸಿದೆವು. ಒಂದು ಲೀಟರು ನೀರಿಗೆ ಐದು ಗ್ರಾಂ ಕಬ್ಬಿಣದ ಸಲ್ಫೇಟು, ಒಂದು ಗ್ರಾಂ ಲಿಂಬೆ ಉಪ್ಪು ಅಂದರೆ ಸಿಟ್ರಿಕ್ ಆಮ್ಲ. ಸಂಜೆಯ ತಂಪಿನಲ್ಲಿ ಎಲೆಯ ಕೆಳಮೈಗೂ ತಾಗುವಂತೆ, ಎಂಟು ಹತ್ತು ದಿನಕ್ಕೊಮ್ಮೆ ಮೂರು ಸಲ. ಮೊದಲನೆಯ ಸಿಂಪಡಣೆಯ ನಂತರ ಹನಿ ಬಿದ್ದಲ್ಲೆಲ್ಲ ಹಳದಿ ಎಲೆಯ ಮೇಲೆ ಹಸಿರು ಚುಕ್ಕೆಗಳು ಮೂಡಿದ್ದವು. ಅದಕ್ಕಿಂತ ಬೇರೆ ಸಾಕ್ಷಿ ಬೇಕೇ? ಎಲೆಗೆ ಕಬ್ಬಿಣದ ಲವಣ ಸಿಂಪಡಿಸಿ ದ್ರಾಕ್ಷಿಯ ಹಳದಿ ಹೋಗಿಸಿದ ಮೊದಲಿಗ ಫ್ರಾನ್ಸಿನ ಯುಸೆಬ್ ಗ್ರಿ ಎಂಬವನ ಕಾಲದ್ದು, 1840ರ ದಶಕದ ವಿದ್ಯೆ ಇದು. ನಾನು ಓದಿಯೂ ಇದ್ದೆ. ಗೊನೆಗಳು ಬಂದ ಮೇಲೆ ಸಿಂಪಡಿಸಿದರೆ ಕಾಯಿಯ ಮೇಲೆ ಕಲೆ ಬೀಳಬಹುದು, ಆದ್ದರಿಂದ ಅದಕ್ಕೂ ಮೊದಲೇ ಮುಗಿಸಬೇಕು. ಹನಿ ನೀರಾವರಿಯ ಮೂಲಕವೇ ಕೊಡಬೇಕೆಂದಿದ್ದರೆ ಚೀಲೇಟ್ ಕೊಳ್ಳುವಾಗ ಡಬ್ಬಿಯ ಮೇಲಿನ ಹೆಸರು ಓದಿರಿ. ಇಡಿಟಿಎ ಎಂದಿರುವುದು ಸುಣ್ಣದ ಭೂಮಿಯಲ್ಲಿ ಕಬ್ಬಿಣವನ್ನು ಕೈಬಿಡುತ್ತದೆ, ಅದು ಸಿಂಪಡಣೆಗೆ ಸಾಕು. ಭೂಮಿಗೆ ಇಡಿಡಿಎಚ್‌ಎ ಎಂದಿರುವುದೇ ಬೇಕು, ಬೆಲೆ ಹೆಚ್ಚು.

ಎಲೆಯನ್ನು ಓದುವುದು

ಯಾವ ಎಲೆ ಮೊದಲು ಕೆಟ್ಟಿತು ಎಂಬುದನ್ನು ನೋಡುವುದು ಅರ್ಧ ರೋಗಪತ್ತೆ. ಸಾರಜನಕ, ರಂಜಕ, ಪೊಟ್ಯಾಸಿಯಂ, ಮೆಗ್ನೀಷಿಯಂ ಇವು ಗಿಡದೊಳಗೆ ಓಡಾಡಬಲ್ಲವು. ಕೊರತೆ ಬಂದಾಗ ಗಿಡವು ಮುದಿ ಎಲೆಯಿಂದ ಕಿತ್ತು ಎಳೆ ಎಲೆಗೆ ಕೊಡುತ್ತದೆ, ಮನೆಯ ಹಿರಿಯರು ತಾವು ಉಪವಾಸವಿದ್ದು ಮಕ್ಕಳಿಗೆ ಬಡಿಸಿದಂತೆ. ಆದ್ದರಿಂದ ಕೆಳಗಿನ ಎಲೆ ಮೊದಲು ಕೆಡುತ್ತದೆ. ಎಲೆಯೆಲ್ಲ ಸಮನಾಗಿ ಹಳದಿಯಾದರೆ ಸಾರಜನಕ, ನರಗಳ ನಡುವೆ ಮಾತ್ರ ಹಳದಿಯಾದರೆ ಮೆಗ್ನೀಷಿಯಂ, ಅಂಚು ಸುಟ್ಟಂತಾದರೆ ಪೊಟ್ಯಾಸಿಯಂ. ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್ ಒಮ್ಮೆ ಕುಳಿತಲ್ಲಿಂದ ಏಳುವುದು ಕಡಿಮೆ. ಅವುಗಳ ಕೊರತೆ ತುದಿಯಲ್ಲಿ, ಎಳೆ ಎಲೆಯಲ್ಲಿ, ಹೂವಿನಲ್ಲಿ, ಕಾಯಿಯಲ್ಲಿ ಕಾಣುತ್ತದೆ.

ಸತುವಿನ ಕೊರತೆಯಲ್ಲಿ ಎಲೆ ಕಿರಿದಾಗಿ, ಗೆಣ್ಣಿನ ಅಂತರ ಕುಗ್ಗಿ, ಗೊನೆಯಲ್ಲಿ ದೊಡ್ಡ ಕಾಯಿಗಳ ನಡುವೆ ಮೆಣಸಿನ ಕಾಳಿನಷ್ಟು ಸಣ್ಣವು ಉಳಿಯುತ್ತವೆ. ಬೋರಾನ್ ಕೊರತೆಯಲ್ಲಿಯೂ ಸಣ್ಣ ಕಾಯಿ ಬರುವುದರಿಂದ ಗೊನೆ ನೋಡಿಯೇ ತೀರ್ಮಾನಿಸುವುದು ಕಷ್ಟ. ಸತುವಿಗೂ ಸುಣ್ಣವೇ ಶತ್ರು, ರಂಜಕ ಇನ್ನೊಂದು. ವರ್ಷ ವರ್ಷ ಡಿಎಪಿ ಸುರಿದ ಪಡದಲ್ಲಿ ರಂಜಕ ಹೆಚ್ಚಾಗಿ ಸತುವಿನ ದಾರಿ ಕಟ್ಟಿರುವುದನ್ನು ನಾವು ಪದೇ ಪದೇ ಕಾಣುತ್ತೇವೆ. ಸತುವಿನ ಸಲ್ಫೇಟನ್ನು ಡಿಎಪಿ ಅಥವಾ ಸೂಪರ್ ಫಾಸ್ಫೇಟಿನ ಜೊತೆ ಎಂದೂ ಕಲಸಬೇಡಿರಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದ ಜೊತೆ ಕಲಸಿ ಹಾಕಿರಿ. ಜೋಳಕ್ಕೆ ಎಕರೆಗೆ ಆರು ಕಿಲೋ ಸಾಕು; ಅದು ಎರಡು ಮೂರು ಬೆಳೆಗೆ ಬರುತ್ತದೆ. ಎಲೆಗೆ ಸಿಂಪಡಿಸುವುದಾದರೆ ಲೀಟರಿಗೆ ಐದು ಗ್ರಾಂ ಸತುವಿನ ಸಲ್ಫೇಟಿನ ಜೊತೆ ಎರಡೂವರೆ ಗ್ರಾಂ ಸುಣ್ಣದ ತಿಳಿ ಸೇರಿಸಬೇಕು, ಇಲ್ಲದಿದ್ದರೆ ಎಲೆ ಸುಡುತ್ತದೆ. ತಾಮ್ರದ ಚಿಂತೆ ನಮ್ಮ ದ್ರಾಕ್ಷಿಯವರಿಗೆ ಬೇಡ. 1885ರಲ್ಲಿ ಮಿಲಾರ್ಡೆ ಲೋಕಕ್ಕೆ ತಿಳಿಸಿದ ಬೋರ್ಡೊ ದ್ರಾವಣವನ್ನು ನೀವು ಬೇಕಾದಷ್ಟು ಹೊಡೆದಿದ್ದೀರಿ.

ಚೀಲದಲ್ಲಿ ಹೋಗುವುದು, ಕಣಿಕೆಯಲ್ಲಿ ಹೋಗುವುದು

ಹತ್ತು ಕ್ವಿಂಟಲ್ ಜೋಳ ಮಾರಿದಾಗ ಅದರ ಜೊತೆ ನಿಮ್ಮ ಹೊಲದ ಸುಮಾರು 16 ಕಿಲೋ ಸಾರಜನಕ, ಮೂರು ಕಿಲೋ ರಂಜಕ, ಮೂರು ನಾಲ್ಕು ಕಿಲೋ ಪೊಟ್ಯಾಸಿಯಂ ಹೋಗುತ್ತದೆ. ಸತು ಇಪ್ಪತ್ತು ಗ್ರಾಂ. ಅಷ್ಟು ಸಾರಜನಕವನ್ನು ತುಂಬಲು 35 ಕಿಲೋ ಯೂರಿಯಾ ಬೇಕು. ಆದರೆ ಎರಡು ಟನ್ ಕಣಿಕೆ ಮಾರಿದರೆ ಇಪ್ಪತ್ತು ಕಿಲೋಕ್ಕೂ ಹೆಚ್ಚು ಪೊಟ್ಯಾಸಿಯಂ ಹೋಗುತ್ತದೆ. ಕಾಳಿನದಕ್ಕಿಂತ ಐದಾರು ಪಟ್ಟು. ಮನೆಯ ದನ ತಿಂದರೆ ಅದರ ಬಹುಪಾಲು ಮೂತ್ರದಲ್ಲಿ ಹಿಂದಿರುಗುತ್ತದೆ, ಗೋದಲಿಯ ನೆಲ ಅದನ್ನು ಹೀರಿ ಹಾಳು ಮಾಡದಂತೆ ಕಸಕಡ್ಡಿ ಹಾಸಿ ತಿಪ್ಪೆಗೆ ಸೇರಿಸಿದರೆ. ಮೇವಿನ ಬೆಲೆ ಏರಿದ ವರ್ಷ ಕಣಿಕೆ ಮಾರಬೇಡಿರಿ ಎಂದು ನಾನು ಹೇಳಲಾರೆ. ಮಾರಿದ ವರ್ಷ ಬಂದ ಹಣದಲ್ಲಿ ಒಂದು ಪಾಲು ಪೊಟ್ಯಾಶಿಗೆ ತೆಗೆದಿಡಿರಿ ಎಂದಷ್ಟೇ ಹೇಳುತ್ತೇನೆ.

ತೊಗರಿಕಟ್ಟಿಗೆಯನ್ನು ಹೊಲದಲ್ಲೇ ಸುಡುವವರು ಬೂದಿ ಗೊಬ್ಬರವಾಯಿತೆಂದು ಸಮಾಧಾನಪಡುತ್ತಾರೆ. ಬೂದಿಯಲ್ಲಿ ಪೊಟ್ಯಾಸಿಯಂ, ಕ್ಯಾಲ್ಸಿಯಂ ಉಳಿಯುವುದು ನಿಜ. ಕ್ಯಾಲ್ಸಿಯಂ ನಮ್ಮಲ್ಲಿ ಬೇಡವೆಂದರೂ ಇದೆ. ಹೋದದ್ದು ಇಂಗಾಲ, ಸಾರಜನಕ, ಗಂಧಕ. ನಮ್ಮ ಒಣಬೇಸಾಯದ ಎರೆಭೂಮಿಯಲ್ಲಿ ಸಾವಯವ ಇಂಗಾಲ ಬಹಳ ಕಡೆ ಶೇಕಡಾ ಅರ್ಧಕ್ಕೂ ಕಡಿಮೆ. ಕಬ್ಬಿಣ ಸತುಗಳನ್ನು ಸುಣ್ಣದ ಕೈಯಿಂದ ಸ್ವಲ್ಪವಾದರೂ ಬಿಡಿಸಿ ಕೊಡುವುದು ಈ ಕಳಿತ ಇಂಗಾಲವೇ. ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ 1930ರ ದಶಕದಲ್ಲಿಯೇ ಆರಂಭವಾಯಿತು. ಅಂದಿನಿಂದ ಹೇಳುತ್ತಾ ಬಂದ ಬದು, ಮಾಗಿ ಉಳುಮೆ, ಸಾವಯವ ಗೊಬ್ಬರಗಳ ಮಾತು ಹಳೆಯದಾದರೂ ಇದಕ್ಕೆ ಬೇರೆ ಅಡ್ಡದಾರಿ ಸಿಕ್ಕಿಲ್ಲ.

ಹೊಲದಲ್ಲಿ ಕೊರತೆಯಿದ್ದರೆ ಅದು ರೊಟ್ಟಿಯವರೆಗೂ ಬರುತ್ತದೆ. ನಮ್ಮ ಜೋಳದಲ್ಲಿ ಕಿಲೋಕ್ಕೆ ಕಬ್ಬಿಣ ಮೂವತ್ತು ನಲವತ್ತು ಮಿಲಿಗ್ರಾಂ, ಸತು ಇಪ್ಪತ್ತರ ಆಸುಪಾಸು. ಇದನ್ನು ಹೆಚ್ಚಿಸಿದ ಪರ್ಭಣಿ ಶಕ್ತಿ ಎಂಬ ಜೋಳದ ತಳಿ 2018ರಲ್ಲಿ ನೆರೆಯ ಮಹಾರಾಷ್ಟ್ರದಲ್ಲಿ ಬಿಡುಗಡೆಯಾಗಿದೆ. ಅದರಲ್ಲಿ ಕಬ್ಬಿಣ 45, ಸತು 32 ಮಿಲಿಗ್ರಾಂ. ಕಾಳಿನಲ್ಲಿರುವ ಫೈಟಿಕ್ ಆಮ್ಲವು ಕಬ್ಬಿಣವನ್ನು ಹೊಟ್ಟೆಯಲ್ಲಿಯೂ ಹಿಡಿದಿಟ್ಟುಕೊಳ್ಳುತ್ತದೆ, ಹೊಲದಲ್ಲಿ ಸುಣ್ಣ ಹಿಡಿದಂತೆ. ಊಟದಲ್ಲಿ ಲಿಂಬೆಯ ಹುಳಿ ಇದ್ದರೆ ಅದು ಸ್ವಲ್ಪ ಸಡಿಲವಾಗುತ್ತದೆ. ರಕ್ತ ಕಡಿಮೆ ಇರುವ ಮನೆಯ ಹೆಣ್ಣುಮಕ್ಕಳಿಗೆ ಇದನ್ನು ಹೇಳಿರಿ.

ಪರೀಕ್ಷೆಗೆ ಹೀಗೆ ತನ್ನಿರಿ

ಮಣ್ಣು ಆರೋಗ್ಯ ಪತ್ರದ ಯೋಜನೆ 2015ರಲ್ಲಿ ಆರಂಭವಾಯಿತು. ಆ ಪತ್ರದಲ್ಲಿ ರಸಸಾರ, ಲವಣಾಂಶ, ಸಾವಯವ ಇಂಗಾಲಗಳ ಜೊತೆಗೆ ಒಂಬತ್ತು ಪೋಷಕಾಂಶಗಳ ಲೆಕ್ಕ ಇರುತ್ತದೆ. ಅದನ್ನು ಗೋಡೆಗೆ ತೂಗುಹಾಕದೆ ಸತುವಿನ ಸಾಲನ್ನು ಓದಿರಿ. ಹತ್ತು ಲಕ್ಷಕ್ಕೆ 0.6 ಭಾಗಕ್ಕಿಂತ ಕಡಿಮೆ ಇದ್ದರೆ ಕೊರತೆ. ಕಬ್ಬಿಣಕ್ಕೆ ಈ ಗಡಿ 4.5. ದ್ರಾಕ್ಷಿಯವರಿಗೆ ಮಣ್ಣು ಪರೀಕ್ಷೆಯೊಂದೇ ಸಾಲದು, ಎಲೆದೇಟಿನ ಪರೀಕ್ಷೆಯೂ ಬೇಕು. ಏಪ್ರಿಲ್ ಚಾಟನಿಯಾದ 45ನೆಯ ದಿನದ ಸುಮಾರಿಗೆ ಬುಡದಿಂದ ಐದನೆಯ ಎಲೆಯ ದೇಟು, ಅಕ್ಟೋಬರ್ ಚಾಟನಿಯ ನಂತರ ಪೂರ್ತಿ ಹೂವಾದಾಗ ಗೊನೆಯ ಎದುರಿನ ಎಲೆಯ ದೇಟು ತೆಗೆಯಬೇಕು. ಪಡದ ತುಂಬ ಅಡ್ಡಾಡಿ ನೂರರಷ್ಟು ದೇಟು ಕೂಡಿಸಿ, ಎಲೆಯ ಹಾಳೆಯನ್ನು ಅಲ್ಲಿಯೇ ಚಿವುಟಿ ಬಿಸಾಡಿ, ದೇಟುಗಳನ್ನು ಕಾಗದದ ಚೀಲದಲ್ಲಿ ಹಾಕಿ ಅದೇ ದಿನ ತಲುಪಿಸಿರಿ. ಪ್ಲಾಸ್ಟಿಕ್ ಚೀಲದಲ್ಲಿ ತಂದರೆ ಬೆವರಿ ಕೊಳೆಯುತ್ತವೆ. ಸಿಂಪಡಣೆ ಮಾಡಿದ ಮರುದಿನ ತೆಗೆದು ತರಬೇಡಿರಿ. ಆಗ ಎಲೆಯೊಳಗಿನ ಸತು ಎಷ್ಟು, ಮೇಲೆ ಅಂಟಿದ ಸತು ಎಷ್ಟು ಎಂದು ಹೇಳುವುದು ನಮ್ಮಿಂದಾಗುವುದಿಲ್ಲ. ಹಳದಿ ಬಳ್ಳಿಯದನ್ನೂ ಹಸಿರು ಬಳ್ಳಿಯದನ್ನೂ ಒಂದೇ ಚೀಲದಲ್ಲಿ ಕೂಡಿಸದೆ ಬೇರೆ ಬೇರೆಯಾಗಿ ತಂದು, ಚೀಲದ ಮೇಲೆ ಪೆನ್ಸಿಲಿನಿಂದ ಸರ್ವೆ ನಂಬರು ಬರೆಯಿರಿ.